ಬಕೆಟಿನಾಕಾರದ ರಬ್ಬರು ಮತ್ತು ಅಪ್ಪನ ಮೊಣಕಾಲು

ಅಪ್ಪನನ್ನು ಕುರ್ಚಿಯಿಂದ ಎಬ್ಬಿಸಿ ನಡೆಸುವುದು ನನ್ನಿಂದ ಮಾತ್ರ ಸಾಧ್ಯ ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು. ಪುತ್ತೂರಿನಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ನಾನು ಅಳುವ ಮದುಮಗಳನ್ನು ನಗಿಸಿದವಳು, ತಲೆ ಮುಟ್ಟಲು ಬಿಡದ ಮಕ್ಕಳ ಕೂದಲು ಕತ್ತರಿಸಿದವಳು. ಒಬ್ಬ ಅಪ್ಪ ಯಾವ ಲೆಕ್ಕ! ಅದರ ಮೇಲೆ ಧನುರ್ಮಾಸ ಬೇರೆ. ಮದುವೆಗಳಿಲ್ಲ, ಪಾರ್ಲರಿನಲ್ಲಿ ನೊಣ ಹೊಡೆಯುವ ಕೆಲಸ. ಆ ಜವಾಬ್ದಾರಿಯನ್ನು ಸಹಾಯಕಿಗೆ ಒಪ್ಪಿಸಿ ತವರೂರು ಕಡಬದ ಬಸ್ಸು ಹತ್ತಿಯೇಬಿಟ್ಟೆ.

"ಹೋಗಿ ಅವರಿಗೆ ಬಿ.ಪಿ. ಏರಿಸ್ಬೇಡ ಮಾರಾಯ್ತಿ" ಎಂದು ನನ್ನ ಗಂಡ ಬೀಳ್ಕೊಟ್ಟರು. ಹೊಟ್ಟೆಕಿಚ್ಚು ಎಂದುಕೊಂಡೆ.

ಸ್ಕೂಟರಿನಿಂದ ಬಿದ್ದು ಅಪ್ಪನ ಮೊಣಕಾಲಿಗೆ ಆಪರೇಷನ್ ಆಗಿತ್ತು. ದಿನಾ ವಾಕರ್ ಹಿಡಿದು ನಡೆಯಬೇಕು, ಇಲ್ಲದಿದ್ದರೆ ಕಾಲು ಹಾಗೇ ಸೆಟೆದು ನಿಲ್ಲುತ್ತದೆ, ಆಮೇಲೆ ನನ್ನ ಹತ್ತಿರ ಬಂದು ಪ್ರಯೋಜನವಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಅಪ್ಪನೋ, ಜಗಲಿಯ ಕುರ್ಚಿ ಬಿಟ್ಟು ಏಳುವುದೇ ಇಲ್ಲ. ಬಚ್ಚಲಿಗೆ ಹೋಗಬೇಕಾದರೆ ಒಂದು ಕಡೆ ಅಮ್ಮ, ಇನ್ನೊಂದು ಕಡೆ ನಮ್ಮ ತೋಟದ ರಬ್ಬರ್ ಮರಗಳಿಂದ ಹಾಲು ಇಳಿಸುವ ಟ್ಯಾಪರ್ ಬಾಬು.

ನಾನು ಕಾರ್ಯಪ್ರವೃತ್ತಳಾದೆ. ಮೊದಲಿಗೆ ಎಲೆಯಡಿಕೆಯ ತಟ್ಟೆಯನ್ನು ಜಗಲಿಯ ಆ ತುದಿಯಲ್ಲಿಟ್ಟೆ. ಬೇಕಾದವರು ನಡೆದು ಹೋಗಿ ತೆಗೆದುಕೊಳ್ಳಲಿ! ಅಪ್ಪ ಅಂದಿನಿಂದ ಎಲೆಯಡಿಕೆಯನ್ನೇ ಬಿಟ್ಟರು. ಅಮ್ಮ ಎಷ್ಟೋ ವರ್ಷಗಳಿಂದ ಬಿಡಿಸಲು ಹೆಣಗಿದ್ದ ಚಟ ಹಾಗೆ ಹೋಯಿತು, ಆದರೆ ಕಾಲು ಕದಲಲಿಲ್ಲ.

"ಆ ವಾಕರ್ ನೋಡುವಾಗಲೇ ಬೇಜಾರಾಗ್ತದೆ" ಎಂದರು ಅಪ್ಪ. ಓಹೋ, ಸೌಂದರ್ಯದ ಸಮಸ್ಯೆ! ಅದು ನನ್ನದೇ ಕ್ಷೇತ್ರ. ಮದುಮಗಳ ಜಡೆಗೆಂದು ತಂದಿದ್ದ ಗುಲಾಬಿ ರಿಬ್ಬನನ್ನು ವಾಕರಿನ ನಾಲ್ಕೂ ಕಾಲಿಗೆ ಸುತ್ತಿ, ಹಿಡಿಕೆಗೆ ಬಟ್ಟೆಯ ಹೂ ಕಟ್ಟಿದೆ. ಪಕ್ಕದ ತೋಟದ ಜೋಸಣ್ಣ ಬಂದವರು ಅದನ್ನು ನೋಡಿ ಗಾಬರಿಯಾದರು.

"ಇದೆಂತ, ಧನು ತಿಂಗಳಲ್ಲಿ ಮದುವೆಯಾ?"

"ಹೌದು, ನನಗೇ ಎರಡನೇದು" ಎಂದರು ಅಪ್ಪ. ಒಳಗಿನಿಂದ ಅಮ್ಮ ಪಾತ್ರೆ ಕುಕ್ಕಿದ ಸದ್ದು ಕೇಳಿತು.

ಜೋಸಣ್ಣ ಹೋದ ಮೇಲೆ ನಾನು ಅಪ್ಪನನ್ನು ಒತ್ತಾಯದಿಂದ ನಿಲ್ಲಿಸಲು ನೋಡಿದೆ. ಅವರು ಕುರ್ಚಿಯ ಹಿಡಿಕೆ ಬಿಡಲಿಲ್ಲ. ನನ್ನ ಮುಖ ನೋಡದೆ, "ಇನ್ನೊಮ್ಮೆ ಬಿದ್ರೆ ಎಂತ ಮಾಡುದು?" ಎಂದರು. ಇದು ಹಠವಲ್ಲ, ಹೆದರಿಕೆ. ಮರಗಳ ನಡುವೆ ಇಡೀ ದಿನ ತಿರುಗುತ್ತಿದ್ದ ಅಪ್ಪ ಒಂದು ಹೆಜ್ಜೆಗೆ ಹೆದರುವುದನ್ನು ನೋಡಿ ನನಗೆ ಅಳುವೇ ಬಂತು. ಹೆದರಿಕೆಗೆ ನನ್ನ ಪಾರ್ಲರಿನಲ್ಲಿ ಮದ್ದಿರಲಿಲ್ಲ.

ಮರುದಿನ ಬಾಬು ಶಬರಿಮಲೆಗೆ ಹೊರಟ. ಬೆಳಿಗ್ಗೆ ಟ್ಯಾಪಿಂಗ್ ಮುಗಿಸಿ, ಎರಡು ದೊಡ್ಡ ಬಕೆಟ್ ರಬ್ಬರ್ ಹಾಲನ್ನು ಅಂಗಳದಾಚೆಯ ಶೆಡ್ಡಿನಲ್ಲಿ ತಂದಿಟ್ಟ.

"ಅಕ್ಕ, ನನಗೆ ಇರುಮುಡಿ ಕಟ್ಟಲಿಕ್ಕೆ ಉಂಟು. ಶೀಟಿಗೆ ನೀವೇ ಹಾಕ್ಬೇಕಷ್ಟೆ. ಹಾಲಿಗೆ ನೀರು ಸೇರಿಸಿ ತಟ್ಟೆಗಳಿಗೆ ಹುಯ್ಯಿರಿ. ಮತ್ತೆ ಒಂದೊಂದು ತಟ್ಟೆಗೂ ಸ್ವಲ್ಪ ಸ್ವಲ್ಪ ಆ್ಯಸಿಡ್ ನೀರು. ನಾಳೆಗೆ ಗಟ್ಟಿಯಾಗ್ತದೆ, ಶೀಟ್ ಒತ್ತುವ ಮೆಷಿನಿಗೆ ಕೊಟ್ರಾಯ್ತು."

"ಅಷ್ಟೆಯಾ?" ಎಂದೆ. ಹೇರ್ ಡೈ ಕಲಸುವವಳಿಗೆ ಇದು ಯಾವ ಬ್ರಹ್ಮವಿದ್ಯೆ!

ಬಾಬು ಹೋದ. ಅಮ್ಮ ಸೊಸೈಟಿಗೆ ದನದ ಹಾಲು ಕೊಡಲು ಹೋದರು. ಶೆಡ್ಡಿನಲ್ಲಿ ನಾನು, ಜಗಲಿಯಲ್ಲಿ ಅಪ್ಪ. ಅಷ್ಟು ತಟ್ಟೆಗಳಿಗೆ ಬೇರೆ ಬೇರೆ ಆ್ಯಸಿಡ್ ಹಾಕುವ ಪದ್ಧತಿ ನನಗೆ ಶುದ್ಧ ಅವೈಜ್ಞಾನಿಕವೆನಿಸಿತು. ನಾವು ಡೈಯನ್ನು ಒಂದೇ ಬಟ್ಟಲಿನಲ್ಲಿ ಕಲಸಿ ಆಮೇಲೆ ಹಚ್ಚುವುದಿಲ್ಲವೇ? ಮೊದಲ ಬಕೆಟಿಗೇ ಆ್ಯಸಿಡ್ ಸುರಿದೆ. ಕೆಲಸ ಬೇಗ ಆಗಲಿ ಎಂದು ಇನ್ನೂ ಸ್ವಲ್ಪ ಸುರಿದೆ. ಅಮ್ಮನ ಉದ್ದನೆಯ ಸೌಟಿನಿಂದ ತಿರುವತೊಡಗಿದೆ.

ಹಾಲು ಮೊಸರಾಯಿತು. ಮೊಸರು ದೋಸೆ ಹಿಟ್ಟಾಯಿತು. ಹಿಟ್ಟು ಒಂದೇ ಮುದ್ದೆಯಾಗಿ ಸೌಟನ್ನು ಕಚ್ಚಿ ಹಿಡಿಯಿತು!

ಸೌಟು ಎಳೆದೆ, ಬಕೆಟೇ ಮೇಲೆದ್ದಿತು. ಬಕೆಟಿಗೆ ಕಾಲು ಕೊಟ್ಟು ಬಲವಾಗಿ ಎಳೆದೆ. ಸೌಟಿನ ಹಿಡಿ ಮಾತ್ರ ಮುರಿದು ಕೈಗೆ ಬಂತು. ನಾನು ಹಿಮ್ಮುಖವಾಗಿ ಎರಡನೇ ಬಕೆಟಿನ ಮೇಲೆ ಬಿದ್ದೆ. ಬಕೆಟು ಮಗುಚಿತು. ನನ್ನ ಜಾಹೀರಾತೇ ಆಗಿದ್ದ ಸೊಂಟದುದ್ದದ ಕೂದಲು ಬುಡದಿಂದ ತುದಿಯವರೆಗೆ ರಬ್ಬರ್ ಹಾಲಿನಲ್ಲಿ ನೆನೆಯಿತು.

"ಅಪ್ಪಾ!" ಎಂದು ಬೊಬ್ಬೆ ಹೊಡೆದೆ.

"ಎಂತಾಯ್ತು?"

"ಹಾಲು ಬಕೆಟಲ್ಲೇ ಗಟ್ಟಿಯಾಯ್ತು! ನಾನು ಬಿದ್ದೆ!"

ಜಗಲಿಯ ಕುರ್ಚಿ ಕಿರುಗುಟ್ಟಿತು. ಆಮೇಲೆ ಟಕ್, ಟಕ್ ಎಂಬ ಸದ್ದು. ಶೆಡ್ಡಿನ ಬಾಗಿಲಲ್ಲಿ ಮೊದಲು ಗುಲಾಬಿ ರಿಬ್ಬನ್ ಕಾಣಿಸಿತು, ಅದರ ಹಿಂದೆ ಅಪ್ಪ.

"ಬಕೆಟಿಗೇ ಹುಯ್ದದ್ದಾ?"

"ಹೂಂ."

"ಎಷ್ಟು ಹುಯ್ದಿ?"

"ಅಂದಾಜಿಗೆ."

"ಅಂದಾಜಾ! ಮೂವತ್ತು ವರ್ಷ ರಬ್ಬರಿನ ಅನ್ನ ತಿಂದವಳಿಗೆ ಇಷ್ಟೂ ಗೊತ್ತಿಲ್ವಾ? ಕೂದಲು ಮುಟ್ಟಬೇಡ, ಅಂಟಿಕೊಳ್ತದೆ! ನಿನಗೆ ಪೆಟ್ಟಾಯ್ತಾ, ಅದು ಹೇಳು ಮೊದ್ಲು!"

ನನಗೆ ಬಯ್ಗುಳ ಕೇಳಿಸುತ್ತಲೇ ಇರಲಿಲ್ಲ.

"ಅಪ್ಪಾ, ನೀವು ನಡ್ಕೊಂಡು ಬಂದ್ರಿ!"

ಅಪ್ಪ ಬಯ್ಯುವುದನ್ನು ನಿಲ್ಲಿಸಿ ತಮ್ಮ ಕಾಲು ನೋಡಿದರು. ತಿರುಗಿ ಇಡೀ ಅಂಗಳವನ್ನು ನೋಡಿದರು. "ಹೌದಲ್ಲಾ, ನಾನು ಬೀಳ್ಲಿಲ್ಲ" ಎಂದು ಮೆಲ್ಲಗೆ ಹೇಳಿದರು. ಮತ್ತೆ ನನ್ನನ್ನು ನೋಡಿ, "ಬಿದ್ದದ್ದು ನೀನು" ಎಂದರು. ಆಪರೇಷನ್ ಆದ ಮೇಲೆ ಅವರು ನಕ್ಕದ್ದು ಅದೇ ಮೊದಲು. ನಾನು ಕೂತಲ್ಲೇ ಅತ್ತೆ, ನಕ್ಕೆ. ಕಣ್ಣೊರೆಸಿಕೊಳ್ಳುವಂತಿರಲಿಲ್ಲ, ಕೈ ತುಂಬ ರಬ್ಬರು.

ಕೂದಲಿಗೆ ಅಮ್ಮ ತೆಂಗಿನೆಣ್ಣೆ ಸುರಿದರು, ಸೀಮೆಎಣ್ಣೆ ತಿಕ್ಕಿದರು, ಕೊನೆಗೆ ಕತ್ತರಿ ತಂದರು. ಊರಿನ ಹೆಂಗಸರ ಕೂದಲು ಕತ್ತರಿಸುವ ನಾನು ತೆಂಗಿನ ಗರಿ ಕತ್ತರಿಸುವ ಕೈಗೆ ತಲೆಯೊಡ್ಡಿ ಬೋಳಾದೆ. ಬಕೆಟಿನಾಕಾರದ ರಬ್ಬರನ್ನು ನೋಡಲು ಬಂದ ಜೋಸಣ್ಣ ಮೊದಲು ನನ್ನ ತಲೆ ನೋಡಿದರು. ರಬ್ಬರಿನ ಸುದ್ದಿಯನ್ನೇ ಅವರು ಎತ್ತಲಿಲ್ಲ.

ಆದರೆ ಗೆದ್ದವಳು ನಾನೇ! ನಾನು ಮತ್ತೆ ಆ್ಯಸಿಡ್ ಮುಟ್ಟಿಯೇನೆಂಬ ಭಯಕ್ಕೆ ಅಪ್ಪ ಬೆಳಿಗ್ಗೆ ಸಂಜೆ ಶೆಡ್ಡಿಗೆ ಗಸ್ತು ತಿರುಗತೊಡಗಿದರು. ಮೊಣಕಾಲು ಚೆನ್ನಾಗಿ ಮಡಚತೊಡಗಿತು. "ಯಾರು ಎಕ್ಸರ್‌ಸೈಜ್ ಮಾಡಿಸಿದ್ದು?" ಎಂದು ಡಾಕ್ಟರು ಆಶ್ಚರ್ಯಪಟ್ಟಾಗ ನಾನು ವಿನಯದಿಂದ ಬೋಳುತಲೆ ಬಾಗಿಸಿದೆ.

ಹೊರಡುವ ದಿನ ಅಪ್ಪ ಯಾರ ಕೈಯೂ ಹಿಡಿಯದೆ, ವಾಕರ್ ಊರಿಕೊಂಡು ರಸ್ತೆಯವರೆಗೂ ನನ್ನ ಜೊತೆ ಬಂದರು. ಮಗಳ ಮೇಲೆ ಎಷ್ಟು ಪ್ರೀತಿ! ಬಸ್ಸು ನಿಂತಿತು. ಅಪ್ಪ ವಾಕರನ್ನು ಬದಿಗಿಟ್ಟು, ಒಂದು ಕೈಯಲ್ಲಿ ಬಾಗಿಲಿನ ಕಂಬಿ ಹಿಡಿದು, ಕಂಡಕ್ಟರನಿಗೆ ಗಟ್ಟಿಯಾಗಿ ಹೇಳಿದರು:

"ಇವಳನ್ನು ಪುತ್ತೂರಿನಲ್ಲೇ ಇಳಿಸ್ಬೇಕು ಮಾರಾಯ. ನಡುವಲ್ಲಿ ಎಂತ ಹೇಳಿದ್ರೂ ವಾಪಸ್ ಬರ್ಲಿಕ್ಕೆ ಬಿಡ್ಬೇಡ!"