ಹನ್ನೆರಡನೇ ಚೌಕ

ಊಟಕ್ಕೆ ಕೂತಾಗ ಹಿಸಾಶಿಯ ನಾಲಿಗೆ ಕೊಂಚ ಉದ್ದವಾಗುತ್ತಿತ್ತು. ಬುಧವಾರ ಆದದ್ದೂ ಅದೇ. ಎಂಟು ವರ್ಷದ ಮಗಳು ಚಿನಾತ್ಸು ಶಾಲೆಯಲ್ಲಿ ಕೊಟ್ಟಿದ್ದ ಅಡ್ಡಕಂಬಿ ಆಟದ ಕಾರ್ಡನ್ನು ಅವನ ಮುಂದಿಟ್ಟಳು. ಹನ್ನೆರಡು ಚೌಕಗಳ ಪೈಕಿ ಹನ್ನೊಂದರಲ್ಲಿ ಟೀಚರಮ್ಮನ ಹೂವಿನ ಮುದ್ರೆ ಬಿದ್ದಿತ್ತು, ಕೊನೆಯದು ಖಾಲಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಏನೋ ಬರೆದಿತ್ತು. ಕನ್ನಡಕ ಟಿವಿಯ ಪಕ್ಕದಲ್ಲಿತ್ತು. ತರಬೇಕೆಂದರೆ ಏಳಬೇಕು, ಅವನು ಏಳಲಿಲ್ಲ.

"ಹಿಂದಕ್ಕೆ ಲಾಗ ಹೊಡೆಯೋದು ತಾನೇ?" ಎಂದ. "ಕಂಬಿ ಹಿಡಿದು, ಕಾಲು ಒದ್ದು, ಗರ್ರಂತ ಒಂದು ಸುತ್ತು! ನಿನ್ನ ವಯಸ್ಸಲ್ಲಿ ನಾನು ಒಂದೇ ಉಸಿರಿಗೆ ಇಪ್ಪತ್ತು ಹೊಡೀತಿದ್ದೆ."

"ಇಪ್ಪತ್ತಾ ಅಪ್ಪಾ!" ಚಿನಾತ್ಸುವಿನ ಕಣ್ಣು ಅರಳಿತು.

ಹೆಂಡತಿ ಮಿಸುಝು ಮಿಸೊ ಸಾರಿನ ಬಟ್ಟಲಿನಿಂದ ತಲೆಯೆತ್ತಲಿಲ್ಲ. "ಹಾಗಾದ್ರೆ ಭಾನುವಾರ ಪಾರ್ಕಿಗೆ ಕರ್ಕೊಂಡು ಹೋಗ್ರೀ. ಆ ಕೊನೇ ಚೌಕ ನಿಮ್ಮಿಂದ್ಲೇ ತುಂಬಬೇಕು."

ನಿಜ ಹೇಳಬೇಕೆಂದರೆ ಹಿಸಾಶಿ ಜನ್ಮದಲ್ಲಿ ಒಂದು ಲಾಗ ಹೊಡೆದವನಲ್ಲ. ಮೂರನೇ ಕ್ಲಾಸಿನಲ್ಲಿ ಉಳಿದವರೆಲ್ಲ ಸುತ್ತಿ ಇಳಿದ ಮೇಲೂ ಇವನೊಬ್ಬ, ಸೂರಿಗೆ ಒಣಹಾಕಿದ ಮೂಲಂಗಿಯ ಹಾಗೆ, ಗಂಟೆ ಹೊಡೆಯುವ ತನಕ ನೇತಾಡುತ್ತಿದ್ದ. ಈ ಗುಟ್ಟು ಅವನ ತಾಯಿಗೊಬ್ಬಳಿಗೇ ಗೊತ್ತು. ಮಗಳ ಕಣ್ಣಿನ ಆ ಅರಳು ಮಾತ್ರ ಬಾಡಬಾರದು, ಬಾಡಿದರೆ ತಾನು ಬದುಕಿ ಪ್ರಯೋಜನವಿಲ್ಲ ಎಂದು ಅವನಿಗೆ ಅನ್ನಿಸಿತು. ಅದಕ್ಕೇ ಒಂದು ಉಪಾಯ ಹೂಡಿದ: ಎಲ್ಲವನ್ನೂ ಬಾಯಲ್ಲೇ ಕಲಿಸುವುದು, ಕಂಬಿಯನ್ನು ಮುಟ್ಟದೇ ಇರುವುದು.

ಭಾನುವಾರ ಹೊರಡುವಾಗ ಮಿಸುಝು, ಸಹಿಯ ಬದಲು ಒತ್ತುವ ಮನೆಯ ಮೊಹರನ್ನು ತಂದು ಅವನ ಜೇಬಿಗೆ ತುರುಕಿದಳು.

"ಪಾರ್ಕಲ್ಲಿ ಮೊಹರು ಯಾಕೆ?"

"ಇರ್ಲಿ, ಬೇಕಾಗತ್ತೆ."

ಪಾರ್ಕಿನಲ್ಲಿ ಚಿನಾತ್ಸುವಿನ ಕ್ಲಾಸಿನ ಆರು ಮಕ್ಕಳು ಆಗಲೇ ಬಂದು ನಿಂತಿದ್ದವು. ಒಬ್ಬನ ಕೈಯಲ್ಲಿ ಹಗ್ಗ, ಇನ್ನೊಬ್ಬನ ಕೈಯಲ್ಲಿ ಒಂಟಿಚಕ್ರದ ಸೈಕಲ್ಲು. ಬೆಳ್ಳಂಬೆಳಗ್ಗೆ ಇವಕ್ಕೇನು ಕೆಲಸ ಎಂದು ಹಿಸಾಶಿ ಯೋಚಿಸಲಿಲ್ಲ. ಅವನು ಗಂಟಲು ಸರಿಮಾಡಿಕೊಂಡು "ಮೊದಲು ಉಸಿರು..." ಎಂದು ಶುರುಮಾಡಿದ.

"ಅಪ್ಪಾ, ನೀನೊಂದ್ಸಲ ಹೊಡೆದು ತೋರ್ಸು."

"ಒಳ್ಳೇ ಗುರು ಕಂಬಿ ಮುಟ್ಟಲ್ಲಮ್ಮ."

ಕಳೆ ಕೀಳುತ್ತಿದ್ದ ತೋರಿಯಿ ಅಜ್ಜ ಕುಡುಗೋಲು ಬಿಸಾಡಿ ಬಂದ. ಅವನು ನಿವೃತ್ತ ರೈಲ್ವೆ ಗಾರ್ಡು, ಕೊರಳಲ್ಲಿ ಸೀಟಿ ಇನ್ನೂ ಹಾಗೇ ಇತ್ತು. "ಮುಟ್ಟದೇ ಹೇಗಯ್ಯಾ ಕಲಿಸ್ತೀಯ? ಕಂಬಿ ಹತ್ತು! ನಾನು ಸೀಟಿ ಊದ್ತೀನಿ."

ಸೀಟಿ ಬಿತ್ತು. ಹಿಸಾಶಿ ಒದ್ದ. ಕಾಲು ಸೊಂಟದ ಮಟ್ಟಕ್ಕೆ ಬಂದು, ಮನಸ್ಸು ಬದಲಿಸಿ ಕೆಳಗಿಳಿಯಿತು.

"ಈ ಕಂಬಿ ಸ್ವಲ್ಪ ಎತ್ತರ ಆಯ್ತು" ಎಂದ ಹಿಸಾಶಿ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎನ್ನುತ್ತ ಪಕ್ಕದ ಮನೆಯ ಒಕಾಬೆ ಅಜ್ಜಿ ಬಂದಳು. ಹೆಗಲ ಮೇಲಿನ ಟವೆಲು ತೆಗೆದು, ಅವನ ಸೊಂಟವನ್ನು ಕಂಬಿಗೆ ಸೇರಿಸಿ ಬಿಗಿದೇಬಿಟ್ಟಳು. "ನನ್ನ ನಾಲ್ಕು ಮಕ್ಕಳೂ ಹೀಗೇ ಕಲಿತಿದ್ದು. ಒದಿಯಪ್ಪಾ!"

ಒದ್ದ. ಪ್ಯಾಂಟಿನ ಹಿಂಭಾಗ ಪರ್ರೆಂದಿತು. ತಲೆ ಕೆಳಗಾಗಿ, ಕಾಲು ಅರ್ಧ ಆಕಾಶದಲ್ಲಿ ನಿಂತು, ಜೇಬಿನ ಮೊಹರು ಉದುರಿತು. ಚಿನಾತ್ಸು ಅದನ್ನು ಹಕ್ಕಿ ಕಾಳು ಹೆಕ್ಕಿದಷ್ಟು ಚುರುಕಾಗಿ ಹೆಕ್ಕಿಕೊಂಡಳು.

ಒಂದು ಮಗು ಕಿಸಕ್ಕೆಂದಿತು. ಕೂಡಲೇ ಸೈಕಲ್ಲಿನ ಹುಡುಗ ಶೋಗೊ, ಕ್ಲಾಸಿನ ಮುಂದಾಳು, ಕೈಯೆತ್ತಿದ. "ಸಭೆ ಮಾಡೋಣ! ನಗಬಾರ್ದು ಅನ್ನೋರು ಕೈ ಎತ್ತಿ." ಆರು ಕೈಗಳು ಎದ್ದವು. "ನಕ್ಕವರ ಪಾಳಿ ಕೊನೇಗೆ. ಒಪ್ಪಿಗೆ."

ಯಾವ ಪಾಳಿ ಎಂದು ಕೇಳುವ ಸ್ಥಿತಿಯಲ್ಲಿ ಹಿಸಾಶಿ ಇರಲಿಲ್ಲ.

"ಅಂಕಲ್, ನೀವು ಕೈ ಚಾಚ್ತೀರ, ಅದಕ್ಕೇ ಹೊಟ್ಟೆ ದೂರ ಹೋಗತ್ತೆ" ಎಂದು ಶೋಗೊ ವಿವರಿಸಿದ.

"ಆಕಾಶ ನೋಡ್ಬೇಡ ಅಪ್ಪಾ, ಹೊಕ್ಕಳು ನೋಡು" ಎಂದಳು ಚಿನಾತ್ಸು. "ಎಲ್ಲಾರೂ ಹಿಡ್ಕೊಳ್ರೋ. ಒಂದು, ಎರಡು..."

ಹದಿನಾಲ್ಕು ಪುಟ್ಟ ಕೈಗಳು ತಳ್ಳಿದವು, ಸೀಟಿ ಕೂಗಿತು. ಆಕಾಶ, ಮರ, ಒಕಾಬೆ ಅಜ್ಜಿಯ ಚಪ್ಪಲಿ ಎಲ್ಲ ಒಂದು ಸುತ್ತು ತಿರುಗಿದವು. ನೋಡಿದರೆ ಹಿಸಾಶಿ ಕಂಬಿಯ ಮೇಲಿದ್ದ!

"ಆಯ್ತು!" ಅವನು ಚೀರಿದ. ಕಣ್ಣಲ್ಲಿ ನೀರೇ ಬಂತು. "ಮೂವತ್ತು ವರ್ಷ ಆದ್ಮೇಲೆ ಆಯ್ತು! ಜೀವನದಲ್ಲಿ ಮೊದಲನೇ ಸಲ!"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಇಪ್ಪತ್ತು ಲಾಗದ ಕತೆ ಮುಗಿಯಿತು, ಮಗಳ ಮುಖ ನೋಡುವುದು ಹೇಗೆ?

ಮಗಳ ಮುಖ ಊರಗಲ ನಗುತ್ತಿತ್ತು. "ಗೊತ್ತಪ್ಪಾ. ಮೊಹರು ಒತ್ತು" ಎಂದು ಕಾರ್ಡು ಹಿಡಿದಳು.

ಹಿಸಾಶಿ ಕಾರ್ಡನ್ನು ಮೂಗಿನ ಹತ್ತಿರ ತಂದು ಓದಿದ. 'ಹನ್ನೆರಡು: ಲಾಗ ಬಾರದ ಒಬ್ಬರಿಗೆ ಕಲಿಸಿ, ಅವರಿಂದ ಮೊಹರು ಒತ್ತಿಸಿಕೊಳ್ಳಿ.'

"ನಮ್ಮ ಕ್ಲಾಸಲ್ಲಿ ಎಲ್ರಿಗೂ ಬರತ್ತೆ, ಬಾರದವರು ಒಬ್ರೂ ಸಿಗ್ಲಿಲ್ಲ" ಎಂದಳು ಚಿನಾತ್ಸು. "ಅಮ್ಮ ನಮ್ಮಜ್ಜಿಗೆ, ನಿನ್ನ ಅಮ್ಮಂಗೆ, ಫೋನ್ ಮಾಡಿದ್ಲು. ಊರೆಲ್ಲ ಯಾಕೆ ಹುಡುಕ್ತೀರ, ಮನೇಲೇ ಒಬ್ಬ ಇದಾನಲ್ಲ ಅಂದ್ರು ಅಜ್ಜಿ." ಹೀಗೆಂದವಳೇ ಪಕ್ಕದ ಕಂಬಿ ಹಿಡಿದು ಗರಗರನೆ ಐದು ಲಾಗ ಹೊಡೆದು ಇಳಿದಳು. "ಬೇಜಾರಾಯ್ತಾ? ನೀನು ಚೆನ್ನಾಗಿ ಕಲಿತೆ ಅಪ್ಪಾ. ತುಂಬಾ ಬೇಗ ಕಲಿತೆ."

ಹಿಸಾಶಿಗೆ ಬೇಜಾರಾಗಲಿಲ್ಲ. ಎಂಟು ವರ್ಷದ ಗುರುವಿನ ಶಭಾಸ್‌ಗಿರಿಗೆ ಎದೆಯುಬ್ಬಿತು. ಇನ್ನು ಸತ್ತರೂ ಸುಳ್ಳು ಜಂಬ ಕೊಚ್ಚುವುದಿಲ್ಲ ಎಂದು ಕಂಬಿಯ ಮೇಲೇ ಆಣೆ ಮಾಡಿ, ಮೊಹರು ಒತ್ತಿ, ಟವೆಲು ಬಿಚ್ಚಿಸಿಕೊಂಡು ಇಳಿದ.

ಕೆಳಗೆ ಆರು ಮಕ್ಕಳು ಸಾಲಾಗಿ ನಿಂತಿದ್ದವು. ಪ್ರತಿಯೊಬ್ಬರ ಕೈಯಲ್ಲೂ ಬೇರೆ ಬೇರೆ ಆಟದ ಒಂದೊಂದು ಕಾರ್ಡು, ಪ್ರತಿ ಕಾರ್ಡಿನಲ್ಲೂ ಕೊನೆಯ ಚೌಕ ಖಾಲಿ. ಶೋಗೊ ಸೈಕಲ್ಲು ಮುಂದೆ ತಳ್ಳಿದ.

"ಅಂಕಲ್, ನಿಮಗೆ ಒಂಟಿಚಕ್ರ ಓಡ್ಸೋಕೆ ಬರತ್ತಾ?"

"ಒಂಟಿಚಕ್ರವಾ?" ಹಿಸಾಶಿ ಎದೆ ಸೆಟೆಸಿದ. "ನಿಮ್ಮ ವಯಸ್ಸಲ್ಲಿ ನಾನು ಅದರ ಮೇಲೇ ಶಾಲೆಗೆ..."

ಮಕ್ಕಳು ಹೋ ಎಂದು ಚಪ್ಪಾಳೆ ತಟ್ಟಿದವು. ತೋರಿಯಿ ಅಜ್ಜ ಸೀಟಿ ಒರೆಸಿಕೊಂಡ. ಒಕಾಬೆ ಅಜ್ಜಿ ಟವೆಲನ್ನು ಮತ್ತೆ ಅವನ ಸೊಂಟಕ್ಕೆ ಬಿಗಿದಳು.