ನಮ್ಮತ್ತೆಯ ಮೂರನೇ ರೀಡರು

ಶಿಡ್ಲಘಟ್ಟದ ನಮ್ಮ ಮನೆಗೆ ಯಾರೇ ಹೊಸಬರು ಬರಲಿ, ಕೈಗೆ ಕಾಫಿ ಲೋಟ ಸಿಗುವ ಮೊದಲೇ ನಮ್ಮತ್ತೆಯ ಪ್ರಶ್ನೆ ಸಿಗುತ್ತದೆ: "ಎಷ್ಟನೇ ರೀಡರ್ ತನಕ ಓದಿದೀರಪ್ಪಾ?" ಬಂದವರು ಪಿಳಿಪಿಳಿ ಕಣ್ಣು ಬಿಡುತ್ತಾರೆ, ನಾನು ಅರ್ಥ ಹೇಳಲು ಅಡುಗೆಮನೆಯಿಂದ ಓಡಿ ಬರುತ್ತೇನೆ. ಇದು ನಮ್ಮನೇಲಿ ನಿತ್ಯದ ಕಥೆ.

ಇಂಗ್ಲಿಷ್ ಪಾಠದ ಪುಸ್ತಕಕ್ಕೆ ಆ ಕಾಲದಲ್ಲಿ ರೀಡರ್ ಅನ್ನುತ್ತಿದ್ದರು. ಮೊದಲ ವರ್ಷ ಫಸ್ಟ್ ರೀಡರ್, ಮರುವರ್ಷ ಸೆಕೆಂಡ್ ರೀಡರ್. ಎಷ್ಟು ಓದಿದೀಯ ಅಂದರೆ ಕ್ಲಾಸು ಹೇಳುತ್ತಿರಲಿಲ್ಲ, ರೀಡರ್ ಹೇಳುತ್ತಿದ್ದರು. ಅತ್ತೆಯದು ಮೂರನೇ ರೀಡರ್. ಚಿಂತಾಮಣಿಯ ಅವರ ತವರು ಬೀದಿಯಲ್ಲಿ ಆಗ ಅಷ್ಟು ಓದಿದ ಹೆಣ್ಣುಮಗಳು ಇನ್ನೊಬ್ಬಳಿರಲಿಲ್ಲವಂತೆ. ಆ ಠೀವಿ ಇವತ್ತಿಗೂ ಇಳಿದಿಲ್ಲ. ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಟೀಚರ್ ಇರಬಹುದು, ಮನೇಲಿ ಅವರೇ ಹೆಡ್‌ಮಿಸ್ಟ್ರೆಸ್. ನಾನೂ ನಗುತ್ತಾ ಸಂಭಾಳಿಸಿಕೊಂಡು ಬಂದೆ, ಈ ರೀಡರ್ ನನ್ನ ಮಗಳ ಮದುವೆಗೇ ಅಡ್ಡ ಬರುವ ತನಕ.

ಮಂಡಿ ನೋವು

ಅತ್ತೆಯ ಮಂಡಿ ತೋರಿಸಲು ಚಿಕ್ಕಬಳ್ಳಾಪುರಕ್ಕೆ ಹೋಗಿದ್ದೆವು. ಡಾಕ್ಟರು ಚಿಕ್ಕ ವಯಸ್ಸಿನವರು. ಅವರು ಮಂಡಿ ಮುಟ್ಟುವ ಮೊದಲೇ ಅತ್ತೆ ರೀಡರ್ ವಿಚಾರಿಸಿದರು. ನಾನು ನಾಚಿಕೆಯಿಂದ ಅರ್ಥ ಬಿಡಿಸಿ ಹೇಳಿದೆ. ಪುಣ್ಯಾತ್ಮ ಬೇಜಾರು ಮಾಡಿಕೊಳ್ಳಲಿಲ್ಲ. ಎಂಬಿಬಿಎಸ್ಸು, ಎಂಡಿ ಎಲ್ಲಾ ಸೇರಿಸಿದರೆ ಮೂವತ್ತನೇ ರೀಡರ್ ಆಗಬಹುದು ಅಜ್ಜಿ ಅಂತ ನಕ್ಕು, ಮಂಡಿ ಒತ್ತಿ ನೋಡಿ, ವಯಸ್ಸಾಯ್ತಲ್ಲ, ಅದಕ್ಕೇ ನೋವು ಅಂದರು.

ಬಸ್‌ಸ್ಟ್ಯಾಂಡಿನ ತನಕ ಅತ್ತೆ ನನ್ನ ಕೈ ಹಿಡಿದು ಕುಂಟುತ್ತಾ ಬಂದರು. ಬಸ್ಸು ಹತ್ತಿ ಕೂತ ಮೇಲೆ ನಿಟ್ಟುಸಿರು ಬಿಟ್ಟರು.

"ವಯಸ್ಸಾಯ್ತು ಅಂತ ಹೇಳೋಕೆ ಮೂವತ್ತು ರೀಡರ್ ಓದಬೇಕಿತ್ತಾ ಕಣೇ? ಅಷ್ಟು ನಂಗೆ ಮೂರನೇ ರೀಡರಿಗೇ ಗೊತ್ತಿತ್ತು."

ವಾಕ್ಯದಲ್ಲಿ ಬಳಸಿ

ಅತ್ತೆಯ ಹುಚ್ಚು ನನಗೂ ಹತ್ತಿತು ಅಂತ ಕಾಣುತ್ತೆ. ಒಂದು ದಿನ ಎಂಟನೇ ಕ್ಲಾಸಿಗೆ ಈ ಹಳೇ ಪದ ಹೇಳಿಕೊಟ್ಟು, ಅರ್ಥ ತಿಳಿಸಿ, ಸ್ವಂತ ವಾಕ್ಯದಲ್ಲಿ ಬಳಸಿ ಅಂದೆ. ಎಲ್ಲರೂ ನಾನು ಬೋರ್ಡಿನ ಮೇಲೆ ಬರೆದಿದ್ದನ್ನೇ ತಿರುಗಿಸಿ ಬರೆದರು. ಗೂಡು ಮಾರ್ಕೆಟ್ಟಿಗೆ ರೇಷ್ಮೆ ಗೂಡು ತರುವ ರೈತರೊಬ್ಬರ ಮಗಳು ಮಾತ್ರ ಎದ್ದು ನಿಂತು ಇಂಗ್ಲಿಷಿನಲ್ಲಿ ಓದಿದಳು. ಕನ್ನಡದಲ್ಲಿ ಹೇಳೋದಾದರೆ ಹೀಗೆ: "ನಮ್ಮಪ್ಪ ಒಂದು ರೀಡರೂ ಓದಿಲ್ಲ. ನಮ್ಮ ಟೀಚರ್ ಎಲ್ಲಾ ರೀಡರ್ ಓದಿದಾರೆ. ಇಬ್ಬರಿಗೂ ಚಿಂತಾಮಣಿ ಬಸ್ಸಲ್ಲಿ ಸೀಟು ಸಿಗಲ್ಲ."

ವ್ಯಾಕರಣ ಸರಿಯಿತ್ತು. ಪೂರ್ತಿ ಮಾರ್ಕ್ಸ್ ಕೊಟ್ಟೆ.

ತಾಂಬೂಲದ ತಟ್ಟೆ

ಮಗಳಿಗೆ ಗೌರಿಬಿದನೂರಿನ ಹುಡುಗ. ಹಸುಗಳ ಡಾಕ್ಟರು. ಇಬ್ಬರೂ ಮೊದಲೇ ಒಪ್ಪಿಕೊಂಡಿದ್ದರು, ಉಳಿದಿದ್ದು ಶಾಸ್ತ್ರ ಮಾತ್ರ. ನಮ್ಮನೆ ಪದ್ಧತಿ ಪ್ರಕಾರ ಹಿರಿಯ ಹೆಂಗಸು ತನ್ನ ಕೈಯಾರೆ ಗಂಡಿನ ಕಡೆಯ ಹಿರಿಯರಿಗೆ ತಾಂಬೂಲ ಕೊಟ್ಟರೇನೇ ಸಂಬಂಧ ಕುದುರಿದ ಹಾಗೆ.

ಹುಡುಗನ ಜೊತೆ ಅವನ ತಾತನೂ ಬಂದಿದ್ದರು. ಅತ್ತೆ ಎಂದಿನ ಹಾಗೆ ರೀಡರ್ ಕೇಳಿದರು. ಈ ಸಲ ಅರ್ಥ ಬಿಡಿಸುವ ಕೆಲಸ ನನಗಿರಲಿಲ್ಲ. ತಾತ ಮೀಸೆ ನೀವಿಕೊಂಡು, "ನಂದು ನಾಲ್ಕನೇ ರೀಡರ್ ಕಣಮ್ಮಾ" ಅಂದರು.

ಅತ್ತೆಯ ಮುಖ ಸಪ್ಪಗಾಯಿತು. ತಟ್ಟೆಯ ಕಡೆ ಚಾಚಿದ್ದ ಕೈ ಹಿಂದಕ್ಕೆ ಬಂತು. ನನ್ನನ್ನು ಒಳಗೆ ಕರೆದು, ನಮಗಿಂತ ಮೇಲಿನ ಮನೆಗೆ ಹೆಣ್ಣು ಕೊಡೋದು ಬೇಡ, ನಾಳೆ ಮಾತಿಗೆ ಮುಂಚೆ ಹಂಗಿಸುತ್ತಾರೆ ಅಂದರು. ಅಯ್ಯೋ, ಹುಡುಗಿ ಎಂಕಾಂ ಓದಿದಾಳೆ ಅತ್ತೆ ಅಂದೆ. ಅದನ್ನ ಯಾರು ಲೆಕ್ಕಕ್ಕಿಡ್ತಾರೆ ಅಂದರು. ಬಾಗಿಲ ಹಿಂದೆ ನಿಂತಿದ್ದ ಮಗಳ ಕಣ್ಣಲ್ಲಿ ನೀರು ತುಂಬಿತ್ತು.

ಅತ್ತೆ ಹೊರಗೆ ಬಂದು ಕೂತರು. ದನಿ ಮಾತ್ರ ಬೆಣ್ಣೆ.

"ಯಜಮಾನ್ರೇ, ನಾಲ್ಕನೇ ರೀಡರ್ ನಾನು ಕಂಡವಳಲ್ಲ. ಅದರಲ್ಲಿ ಒಂದು ಪಾಠ ಹೇಳಿ, ಕೇಳೋಣ."

ತಾತ ಗಂಟಲು ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಬಾಯಿಪಾಠ ಶುರು ಮಾಡಿದರು. ಒಬ್ಬ ಕುಂಬಾರ, ಅವನದೊಂದು ಸೋಮಾರಿ ಕತ್ತೆ. ಇಂಗ್ಲಿಷ್ ಕತ್ತೆ ಕೆರೆ ಏರಿಯ ತನಕ ಬಂದು ನಿಂತುಬಿಟ್ಟಿತು. ತಾತ "ತರ್ವಾತ... ತರ್ವಾತ" ಅಂತ ತೆಲುಗಿನಲ್ಲಿ, ಆಮೇಲೇನು ಅನ್ನೋದು ನೆನಪಾಗದೆ, ತಡವರಿಸಿದರು.

ಅತ್ತೆ ಕಣ್ಣು ಮುಚ್ಚಿಕೊಂಡು ಮುಂದಿನದನ್ನು ಎತ್ತಿಕೊಂಡರು. ಒಂದೇ ಉಸಿರಿಗೆ ಕತ್ತೆಯನ್ನು ಕೆರೆಗೆ ಬೀಳಿಸಿ, ಮಡಕೆ ಒಡೆಸಿ, ನೀತಿಯನ್ನೂ ಒಪ್ಪಿಸಿದರು. ಆಮೇಲೆ ಕಣ್ಣು ಬಿಟ್ಟು, ಇದು ಮೂರನೇ ರೀಡರಿನ ಕೊನೇ ಪಾಠ ಅಲ್ವಾ ಅಂತ ಮೆಲ್ಲಗೆ ಕೇಳಿದರು.

ತಾತ ಕಾಫಿ ಲೋಟದೊಳಗೇ ನೋಡುತ್ತಿದ್ದರು.

"ನಾಲ್ಕನೇದು ಕೊಂಡು ತಂದಿದ್ವಿ ಕಣಮ್ಮಾ," ಅಂದರು ತಾತ. "ರಟ್ಟೂ ಹಾಕಿಸಿದ್ವಿ. ಓದೋಣ ಅನ್ನೋಷ್ಟರಲ್ಲಿ ನಮ್ಮಪ್ಪ ಅಂಗಡೀಲಿ ಕೂರಿಸಿಬಿಟ್ರು."

ಅತ್ತೆಯ ಮುಖ ಅರಳಿತು ನೋಡಿ! ಮಂಡಿ ನೋವೂ ಮರೆತು ಎದ್ದರು, ತಾಂಬೂಲದ ತಟ್ಟೆ ಎತ್ತಿ ತಾತನ ಮುಂದೆ ಹಿಡಿದರು.

"ಅಷ್ಟೇನಾ! ಮೊದ್ಲೇ ಹೇಳ್ಬಾರ್ದಾ ಬೀಗರೇ?"