ಮಾವನವರ ದನಿಯೂ ಅಳಿಯನ ಕನ್ವರ್ಟರೂ

"ಭಾನುವಾರದೊಳಗೆ ಮಾವನ ದನಿ ಅತ್ತೆ ಕಿವಿಗೆ ಬೀಳ್ಲಿಲ್ಲ ಅಂದ್ರೆ ನಾನು ಮೀಸೆ ಬೋಳಿಸ್ತೀನಿ!" ಎಂದು ಶಿವಕುಮಾರ್ ಶಪಥ ಮಾಡಿದ.

"ಇದ್ರೆ ತಾನೇ ಬೋಳಿಸೋದು?" ಎಂದಳು ಹೆಂಡತಿ ಜಯಶೀಲಾ, ಅವನ ನುಣ್ಣನೆಯ ಮುಖ ನೋಡಿ.

ಭದ್ರಾವತಿಯ ಜನ್ನಾಪುರದಲ್ಲಿರುವ ಅತ್ತೆ ಸುವರ್ಣಮ್ಮನವರಿಗೆ ಆ ಭಾನುವಾರಕ್ಕೆ ಎಪ್ಪತ್ತೈದು ತುಂಬುವುದಿತ್ತು. ಏನು ಬೇಕೆಂದು ಕೇಳಿದ್ದಕ್ಕೆ ಅವರು ಹೇಳಿದ್ದು ಒಂದೇ: "ಸೀರೆ ಬೇಡ, ಕೇಕೂ ಬೇಡ. ಅವರ ದನಿ ಒಂದ್ಸಲ ಕೇಳಿಸ್ತೀರಾ? ಮುಖ ಫೋಟೋದಲ್ಲಿದೆ. ದನಿ ಮಾತ್ರ ಮರ್ತು ಹೋಗ್ತಾ ಇದೆ."

ಕಬ್ಬಿಣದ ಕಾರ್ಖಾನೆಯ ಕುಲುಮೆಯಲ್ಲಿ ದುಡಿದಿದ್ದ ಮಾವ ಕೃಷ್ಣಪ್ಪನವರು ಮಗಳ ಮದುವೆಯಾದ ಎರಡೇ ವರ್ಷಕ್ಕೆ ತೀರಿಕೊಂಡಿದ್ದರು. ಮನೆಮನೆಯ ಫೋನಿನಲ್ಲಿ ಕ್ಯಾಮೆರಾ ಇಲ್ಲದ ಕಾಲ. ಅವರ ದನಿ ಈ ಭೂಮಿಯ ಮೇಲೆ ಎಲ್ಲಾದರೂ ಉಳಿದಿದ್ದರೆ ಅದು 2003ರ ಮದುವೆಯ ಸೀಡಿಯಲ್ಲಿ ಮಾತ್ರ.

ಶಿವಕುಮಾರ್ ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್. ಟನ್ನುಗಟ್ಟಲೆ ಕಬ್ಬಿಣವನ್ನು ಬಗ್ಗಿಸುವವನಿಗೆ ಒಂದು ತಟ್ಟೆ ಬಗ್ಗದೇ? ಶಿವಮೊಗ್ಗದ ಕೋಟೆ ಬೀದಿಯ ಮನೆಯಲ್ಲಿ, ಊದುಬತ್ತಿ ಹಚ್ಚುವುದೊಂದು ಬಾಕಿ ಎನ್ನುವಷ್ಟು ಭಕ್ತಿಯಿಂದ ಲ್ಯಾಪ್‌ಟಾಪಿನ ಮುಂದೆ ಕುಳಿತ. ಸೀಡಿಯಿಂದ ಕಡತ ಇಳಿಯಿತು. ಹೆಸರಿನ ಬಾಲದಲ್ಲಿ 'ಡ್ಯಾಟ್' ಎಂದಿತ್ತು. ಎಡಿಟಿಂಗ್ ಸಾಫ್ಟ್‌ವೇರ್ ಅದನ್ನು ನೋಡಿದ್ದೇ ತಡ, ಇಂಥ ಫೈಲು ತನಗೆ ಆಗಿಬರುವುದಿಲ್ಲ ಎಂದು ಮುಖ ತಿರುಗಿಸಿತು.

"ಎಷ್ಟು ಹೊತ್ತಿನ ಕೆಲ್ಸ!" ಎಂದವನೇ 'ಡ್ಯಾಟ್' ಅಳಿಸಿ 'ಎಂಪಿಫೋರ್' ಎಂದು ಬರೆದ. ಸಾಫ್ಟ್‌ವೇರ್ ಮತ್ತೆ ಒಲ್ಲೆ ಎಂದಿತು.

"ಹಾಗಲಕಾಯಿ ಡಬ್ಬಕ್ಕೆ ಬೆಲ್ಲ ಅಂತ ಚೀಟಿ ಅಂಟಿಸಿದ್ರೆ ಸಿಹಿಯಾಗತ್ತಾ?" ಎಂದಳು ಜಯಶೀಲಾ.

"ನೀನು ಸುಮ್ನಿರು ಮಾರಾಯ್ತಿ! ಇದಕ್ಕೆ ಕನ್ವರ್ಟರ್ ಅಂತ ಇರತ್ತೆ."

ಪುಕ್ಕಟೆ ಕನ್ವರ್ಟರ್ ಸಿಕ್ಕಿತು. ಮೂರು ಗಂಟೆ ಅರೆದು, ಬೇಯಿಸಿ, ಕೊನೆಗೂ ಒಂದು ಎಂಪಿಫೋರ್ ಹಡೆಯಿತು. ತೆರೆದರೆ ಬಾಸಿಂಗ ಕಟ್ಟಿಕೊಂಡ ಇಪ್ಪತ್ತನಾಲ್ಕರ ಜಯಶೀಲಾ. ಅವಳ ಹಣೆಗೆ ಅಡ್ಡಲಾಗಿ ಕನ್ವರ್ಟರಿನವರ ಮುದ್ರೆ, 'ಟ್ರಯಲ್ ವರ್ಷನ್'!

"ಇಪ್ಪತ್ತೆರಡು ವರ್ಷ ಆಯ್ತು. ಇನ್ನೂ ಟ್ರಯಲ್ಲಾ ನಾನು?"

"ಹಿಂದಿರುಗಿಸೋ ಅವಧಿ ಮುಗೀತು ಅಂತ ಸಮಾಧಾನ ಪಟ್ಕೋ!" ಎಂದು ನಕ್ಕ. ಆ ಸಂಜೆ ಅವನ ಕಾಫಿಗೆ ಸಕ್ಕರೆ ಬೀಳಲಿಲ್ಲ.

ಬೇರೊಂದು ಕನ್ವರ್ಟರ್ ಹಿಡಿದ. ಈ ಸಲ ಮುದ್ರೆಯಿಲ್ಲ, ಬಣ್ಣ ಚೆನ್ನಾಗಿದೆ, ಸಾಫ್ಟ್‌ವೇರೂ ಒಪ್ಪಿತು. ದೇವರಂತೆ ಕೃಷ್ಣಪ್ಪನವರು ಪರದೆಯ ಮೇಲೆ ಬಂದರು, ಬಾಯಿ ತೆರೆದರು. ಹೊರಟಿದ್ದು ಗಾಯಕಿಯೊಬ್ಬಳ ಕೋಗಿಲೆ ಕಂಠದ ಸಿನಿಮಾ ಹಾಡು! ಅವರು ತುಟಿಯಾಡಿಸಿದಷ್ಟೂ ಹೊತ್ತು ಆ ಹೆಣ್ಣುಮಗಳು ವಿರಹದಲ್ಲಿ ನರಳಿದಳು. ಹಾಡು ನಿಂತಿದ್ದು ಊಟದ ಪಂಕ್ತಿಯಲ್ಲಿ. ಅಲ್ಲಿ ಇನ್ನೊಂದು ಹಾಡು ಶುರುವಾಯಿತು.

ಜಯಶೀಲಾ ನಗಲಿಲ್ಲ. "ರೀ, ಅಪ್ಪನ ದನಿ ಇದ್ರಲ್ಲಿ ಇಲ್ವೇ ಇಲ್ಲ" ಎಂದಳು ಮೆಲ್ಲಗೆ. ಶಿವಕುಮಾರ್ ಕ್ಯಾಲೆಂಡರ್ ನೋಡಿದ. ನಾಳಿದ್ದೇ ಭಾನುವಾರ.

ಮದುವೆಯ ವಿಡಿಯೋ ತೆಗೆದಿದ್ದ ಖಾಜಾ ಪೀರ್‌ ಅವರ ಸ್ಟುಡಿಯೋ ಭದ್ರಾವತಿಯಲ್ಲಿ ಇನ್ನೂ ಇತ್ತು. ಶನಿವಾರ ಬೆಳಿಗ್ಗೆಯೇ ಓಡಿದ.

"ಶಿವಣ್ಣ, ಆವಾಗ ಜನರ ಮಾತು ಯಾರಿಗೆ ಬೇಕಿತ್ತು? ಹಾಡು ಹಾಕ್ಲಿಲ್ಲ ಅಂದ್ರೆ 'ಮಿಕ್ಸಿಂಗೇ ಮಾಡಿಲ್ಲ' ಅಂತ ಬೈತಿದ್ರು. ದನಿಯೆಲ್ಲಾ ನಾವೇ ಅಳಿಸ್ತಿದ್ವಿ" ಎಂದರು ಖಾಜಾ ಪೀರ್. ಶಿವಕುಮಾರನ ಮುಖ ನೋಡಿ ಅವರಿಗೇ ಕರುಣೆ ಬಂತು. "ಅಳ್ಬೇಡ ಮಾರಾಯಾ. ಸೀಡಿಲಿ ಅಳಿಸಿದ್ದು. ಮೂಲ ಟೇಪು ಬೀರುವಿನಲ್ಲಿದೆ. ಶಾದಿ ಟೇಪು ಎಸೀಬಾರ್ದು ಅಂತ ನಮ್ಮ ಉಸ್ತಾದ್ ಹೇಳ್ತಿದ್ರು."

ಹಳೆಯ ಕ್ಯಾಮೆರಾಕ್ಕೆ ಟೇಪು ತೂರಿಸಿ, ಕಂಪ್ಯೂಟರಿಗೆ ಹರಿಸಿ, ಹೊಸ ಸಾಫ್ಟ್‌ವೇರ್ ಒಪ್ಪುವ ಎಂಪಿಫೋರ್ ಆಗಿ ಅವರು ಅದನ್ನು ಬದಲಾಯಿಸಿಕೊಟ್ಟರು. ಅಳಿಯ ಒಂದು ವಾರ ಹೆಣಗಿದ್ದು ಮಧ್ಯಾಹ್ನದ ನಮಾಜಿಗೆ ಮುಂಚೆ ಮುಗಿದಿತ್ತು!

"ಕೃಷ್ಣಪ್ಪೋರು ಮಾತಾಡಿದ ಜಾಗ ಒಂದೇ ಇದೆ. ಕೇಳ್ಕೊಂಡು ಹೋಗು."

"ಬೇಡ ಭಾಯ್! ಕತ್ತರಿಸೋದು ನಾನೇ. ಆದ್ರೆ ಅತ್ತೆಗಿಂತ ಮುಂಚೆ ನಾನು ಕೇಳಲ್ಲ. ನೈವೇದ್ಯಕ್ಕೆ ಮೊದ್ಲು ರುಚಿ ನೋಡ್ತಾರಾ?"

ಹಾಗೆಂದು ದನಿಯನ್ನು ಪೂರ್ತಿ ಇಳಿಸಿ, ಬರೀ ತುಟಿಯಾಡಿದ್ದನ್ನೂ ಪರದೆಯ ಕೆಳಗೆ ಎದ್ದುಬಿದ್ದ ದನಿಯ ಗೆರೆಗಳನ್ನೂ ನೋಡಿಯೇ ನಲವತ್ತು ಸೆಕೆಂಡು ಕತ್ತರಿಸಿದ. ಅಂಥ ಮಡಿಯ ಎಡಿಟಿಂಗ್ ಭೂಲೋಕದಲ್ಲಿ ಅದೇ ಮೊದಲಿರಬೇಕು.

ಭಾನುವಾರ ಜನ್ನಾಪುರದ ಮನೆಯ ತುಂಬ ನೆಂಟರು. ಟೀವಿಗೆ ಪೆನ್‌ಡ್ರೈವ್ ಚುಚ್ಚಿ, ಪುರೋಹಿತನ ಗತ್ತಿನಲ್ಲಿ ರಿಮೋಟ್ ಎತ್ತಿ ಶಿವಕುಮಾರ್ ಬಟನ್ ಒತ್ತಿದ. ಛತ್ರದ ಕಂಬಕ್ಕೊರಗಿ ಕೃಷ್ಣಪ್ಪನವರು ಕಾಣಿಸಿದರು. ಕುಲುಮೆಯ ಗದ್ದಲದ ಮೇಲೆ ಕೂಗಿ ಕೂಗಿ ಪಳಗಿದ ಆ ಕಂಠ ಕೋಣೆಯನ್ನು ತುಂಬಿತು.

"ಸುವರ್ಣಾ…"

ಸುವರ್ಣಮ್ಮ ಸೆರಗನ್ನು ಬಾಯಿಗೊತ್ತಿಕೊಂಡರು. ಇಪ್ಪತ್ತು ವರ್ಷದಿಂದ ಅವರನ್ನು ಹಾಗೆ ಯಾರೂ ಕರೆದಿರಲಿಲ್ಲ. ಶಿವಕುಮಾರನ ಎದೆ ಎರಡಂಗುಲ ಉಬ್ಬಿತು. ಮಾವ ಮುಂದುವರಿಸಿದರು:

"…ಕರೆಂಟು ಯಾಕೆ ಹೋಗಿದ್ದು ಗೊತ್ತಾಯ್ತಾ? ಮೈಕು ರಿಪೇರಿ ಮಾಡ್ತೀನಿ ಅಂತ ನಿನ್ನ ಅಳಿಯ ಕೈ ಹಾಕಿದ್ನಂತೆ! ಬಾಸಿಂಗ ಕಟ್ಕೊಂಡು! ಹುಡುಗ ಚಿನ್ನ, ಎರಡು ಮಾತಿಲ್ಲ. ಆದ್ರೆ ಮನೇಲಿ ಕೆಟ್ಟ ಸಾಮಾನು ಯಾವ್ದನ್ನೂ ಅವನ ಕೈಗೆ ಕೊಡ್ಬೇಡ."

ಮನೆ ಹಾರಿಹೋಗುವಷ್ಟು ನಗು ಎದ್ದಿತು. "ಅಪ್ಪಾ, ನಂಗೂ ಒಂದು ಮಾತು ಹೇಳ್ಬಾರ್ದಿತ್ತಾ!" ಎಂದು ಜಯಶೀಲಾ ಟೀವಿಗೇ ಕೈಮುಗಿದಳು. ಸುವರ್ಣಮ್ಮ ಅಳುತ್ತಲೇ ನಗುತ್ತಿದ್ದರು, ನಗುತ್ತಲೇ ಅಳುತ್ತಿದ್ದರು. "ಇನ್ನೊಂದ್ಸಲ ಹಾಕಿ ಅಳಿಯಂದ್ರೇ."

ಹಾಕಿದ. ಮತ್ತೆ ಹಾಕಿದ. ತನ್ನ ಮಾನವನ್ನು ತನ್ನ ಹೆಬ್ಬೆರಳಿನಿಂದಲೇ ಹದಿನಾಲ್ಕು ಸಲ ಹರಾಜು ಹಾಕಿದ. ಹದಿನೈದನೆಯ ಸಲ ರಿಮೋಟ್ ಕೆಲಸ ಮಾಡಲಿಲ್ಲ. "ಏನಿಲ್ಲ, ಒಂದ್ನಿಮಿಷ, ಸರಿ ಮಾಡ್ತೀನಿ" ಎಂದು ಅದರ ಬೆನ್ನಿನ ಮುಚ್ಚಳಕ್ಕೆ ಉಗುರು ಹಾಕಿದ.

ಸುವರ್ಣಮ್ಮ ಕಣ್ಣೊರೆಸಿಕೊಂಡು ಕೈ ಚಾಚಿದರು.

"ಇಲ್ಲಿ ಕೊಡಿ ಅಳಿಯಂದ್ರೇ. ಅವರ ಮಾತು ನಾನು ಯಾವತ್ತೂ ಮೀರಿದವಳಲ್ಲ."